ದುಬಾರಿ ಆಡಿಯೋ ಸೆಟ್ ಮತ್ತು ಅಪರಿಗ್ರಹ: ಘರ್ಷಣೆ ನಿಜವಾಗಿ ಎಲ್ಲಿದೆ?

ಸಂಗೀತದ ಹುಚ್ಚು ಇರುವವರಲ್ಲಿ ಸರಳವಾಗಿ ಬದುಕಬೇಕು ಎಂದುಕೊಂಡವರೂ ಬೇಕಾದಷ್ಟು ಮಂದಿ ಇದ್ದಾರೆ. ಅಂಥವರ ಕೋಣೆಯಲ್ಲಿ ಕಾರಿನ ಬೆಲೆಯ ಸ್ಪೀಕರ್ ಜೋಡಿ ನಿಂತಿದ್ದರೆ ನೋಡಿದವರಿಗೆ ಮಾತ್ರವಲ್ಲ, ಅವರಿಗೇ ಒಮ್ಮೊಮ್ಮೆ ಇರಿಸುಮುರಿಸಾಗುತ್ತದೆ. ವಸ್ತುಮೋಹ ಬೇಡ ಎನ್ನುವ ಅಪರಿಗ್ರಹದ ಮಾತಿಗೂ ಈ ಪೆಟ್ಟಿಗೆಗಳಿಗೂ ತಾಳೆಯಾಗುತ್ತದೆಯೇ? ಸಂಗೀತ ಮನಸ್ಸಿನ ವಿಷಯ, ಅದರಲ್ಲಿ ಲೆಕ್ಕ ನೋಡಬಾರದು ಎಂದು ಕೆಲವರು ಪ್ರಶ್ನೆಯನ್ನೇ ತಳ್ಳಿಹಾಕುತ್ತಾರೆ. ದುಬಾರಿ ಎಂದ ಮೇಲೆ ಆಡಂಬರವೇ ಎಂದು ಇನ್ನು ಕೆಲವರು ತೀರ್ಪು ಕೊಟ್ಟುಬಿಡುತ್ತಾರೆ. ಇಬ್ಬರೂ ಅವಸರ ಮಾಡುತ್ತಿದ್ದಾರೆ. ಕೈಗಡಿಯಾರ, ಕೈಚೀಲಗಳ ವಿಷಯದಲ್ಲಿ ಇಲ್ಲದ ಒಂದು ಅನುಕೂಲ ಆಡಿಯೋದಲ್ಲಿದೆ: ಕೊಟ್ಟ ಹಣ ಧ್ವನಿಗೆ ಹೋಯಿತೋ ಬೇರೆ ಯಾವುದಕ್ಕೋ ಎನ್ನುವುದನ್ನು ಕಿವಿಯಿಂದಲೇ ಪರೀಕ್ಷಿಸಿ ನೋಡಬಹುದು. ಈ ಲೇಖನದ ಬಹುಪಾಲು ಆ ಪರೀಕ್ಷೆಯ ಬಗ್ಗೆಯೇ ಇದೆ, ಏಕೆಂದರೆ ಅದಿಲ್ಲದೆ ಉಳಿದ ಚರ್ಚೆ ಬರೀ ಗಾಳಿಮಾತಾಗುತ್ತದೆ.

ಮೊದಲು ವಿರೋಧ ಯಾವುದಕ್ಕೆ ಎನ್ನುವುದು ಸ್ಪಷ್ಟವಾಗಬೇಕು. ಕಡಿಮೆ ವಸ್ತು ಇಟ್ಟುಕೊಳ್ಳುವುದು ಒಂದು, ವಸ್ತುವಿಗೆ ಅಂಟಿಕೊಳ್ಳದಿರುವುದು ಇನ್ನೊಂದು. 1982ರಲ್ಲಿ ಛಾಯಾಗ್ರಾಹಕಿ ಡಯಾನಾ ವಾಕರ್ ತೆಗೆದ ಸ್ಟೀವ್ ಜಾಬ್ಸ್ ಚಿತ್ರವನ್ನು ಅನೇಕರು ನೋಡಿರಬಹುದು: ಹೆಚ್ಚುಕಡಿಮೆ ಬರಿದಾದ ಕೋಣೆ, ನೆಲದ ಮೇಲೆ ಕುಳಿತ ಯುವಕ, ಒಂದು ದೀಪ, ಜೊತೆಗೆ ಸಾಕಷ್ಟು ಬೆಲೆಬಾಳುವ ಸ್ಟೀರಿಯೋ. ಸಾಮಾನು ಕಡಿಮೆ ಎನ್ನುವುದೇನೋ ಹೌದು. ಅಷ್ಟರಿಂದ ಅದು ವಸ್ತುಮೋಹದ ವಿರೋಧ ಎನಿಸಿಕೊಳ್ಳುವುದಿಲ್ಲ. ಜೈನ ದರ್ಶನ ಪರಿಗ್ರಹವನ್ನು ಗುರುತಿಸುವುದು ಮೂರ್ಛೆಯಿಂದ, ಅಂದರೆ ವಸ್ತುವಿನ ಮೇಲಿನ ಮಮಕಾರದಿಂದ. ಹಾಗೆಂದು ‘ನನಗೆ ಮಮಕಾರವಿಲ್ಲ’ ಎಂದು ಘೋಷಿಸಿಕೊಂಡು ಏನು ಬೇಕಾದರೂ ಕೊಳ್ಳುವ ಪರವಾನಗಿಯನ್ನು ಅದು ಕೊಡುವುದಿಲ್ಲ. ಗೃಹಸ್ಥರಿಗೂ ಇಷ್ಟೇ ಎಂಬ ಪರಿಮಾಣವನ್ನು ಮುಂಚೆಯೇ ಗೊತ್ತುಮಾಡಿಕೊಳ್ಳಲು ಹೇಳುತ್ತದೆ. ಇದರಾಚೆಗೆ ಭೂಮಿಯ ಸಂಪನ್ಮೂಲದ ಪ್ರಶ್ನೆಯೂ ಇದೆ. ಅದು ಮಾಲೀಕರ ಮನಸ್ಸು ಎಷ್ಟೇ ನಿರ್ಮಲವಾಗಿದ್ದರೂ ಕರಗುವುದಿಲ್ಲ.

ಹಣ ಎಲ್ಲಿ ಕೇಳಿಸುತ್ತದೆ

ಧ್ವನಿ ಕೆಡುವುದು ಎಲ್ಲಿ ಎಂದು ಸರಪಳಿಯ ಒಂದೊಂದೇ ಕೊಂಡಿಯನ್ನು ಅಳೆದರೆ ಅಚ್ಚರಿಯ ಅಸಮತೋಲನ ಕಾಣುತ್ತದೆ. ಡಿಜಿಟಲ್ ಸಂಕೇತವನ್ನು ವಿದ್ಯುತ್ ಸಂಕೇತವಾಗಿಸುವ ಡ್ಯಾಕ್ ಇವತ್ತು ಬೆರಳಿನ ಗಾತ್ರದಲ್ಲಿ ಸಿಗುತ್ತದೆ. ಚೆನ್ನಾಗಿ ಮಾಡಿದ್ದಾದರೆ ಅದರ ವಿರೂಪ ಶೇಕಡಾ 0.01ಕ್ಕಿಂತ ಕಡಿಮೆ. ಆ ಸಂಕೇತಕ್ಕೆ ಸ್ಪೀಕರ್ ನಡೆಸುವಷ್ಟು ಬಲ ಕೊಡುವ ಒಳ್ಳೆಯ ಆಂಪ್ಲಿಫೈಯರ್ (ಆಂಪ್) ಕೂಡ ಕೇಳಿಸುವ ವ್ಯಾಪ್ತಿಯಲ್ಲಿ ಅರ್ಧ ಡೆಸಿಬೆಲ್‌ನಷ್ಟೂ ಏರಿಳಿತ ಮಾಡುವುದಿಲ್ಲ. ಸ್ಪೀಕರ್‌ಗೆ ಬಂದರೆ ಚಿತ್ರವೇ ಬೇರೆ. 3 ಡೆಸಿಬೆಲ್ ಆಚೀಚೆ ಇದ್ದರೆ ಅದನ್ನು ಒಳ್ಳೆಯ ಸ್ಪೀಕರ್ ಎನ್ನುತ್ತೇವೆ. ಚಿಕ್ಕ ಸ್ಪೀಕರ್‌ನಲ್ಲಿ ಬಾಸ್ ಜೋರಾಗಿಸಿದರೆ ವಿರೂಪ ಶೇಕಡಾ ಹಲವಕ್ಕೆ ಏರುವುದೂ ಸಾಮಾನ್ಯ. ಇನ್ನು ಕೋಣೆ ಇವೆಲ್ಲವನ್ನೂ ಮೀರಿಸುತ್ತದೆ: ಬಾಸ್ ಭಾಗದಲ್ಲಿ 10ರಿಂದ 15 ಡೆಸಿಬೆಲ್ ಏರಿಳಿತ ಸಾಮಾನ್ಯ ಕೋಣೆಗಳಲ್ಲಿ ದಿನನಿತ್ಯದ ಸಂಗತಿ.

ಕಾರಣ ಸರಳವಾದ ಭೌತವಿಜ್ಞಾನ. ಎದುರುಬದುರು ಗೋಡೆಗಳ ನಡುವೆ 4 ಮೀಟರ್ ಇದ್ದರೆ ಸುಮಾರು 43 ಹರ್ಟ್ಜ್‌ನಲ್ಲಿ ನಿಂತ ಅಲೆ ಹುಟ್ಟುತ್ತದೆ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಅದನ್ನು ಗೋಡೆಗಳ ಅಂತರದ ಎರಡರಷ್ಟರಿಂದ ಭಾಗಿಸಿದರೆ ಈ ಸಂಖ್ಯೆ ಬರುತ್ತದೆ. ಕೇಳುವವರು ಗೋಡೆಗೆ ಒರಗಿ ಕುಳಿತರೆ ಆ ಸ್ವರ ಗುಮ್ಮೆನ್ನುತ್ತದೆ, ನಟ್ಟನಡುವೆ ಕುಳಿತರೆ ಮಾಯವಾಗುತ್ತದೆ. ಸ್ಪೀಕರನ್ನು ಹಿಂದಿನ ಗೋಡೆಯಿಂದ 80 ಸೆಂಟಿಮೀಟರ್ ಮುಂದಕ್ಕಿಟ್ಟರೆ ಸುಮಾರು 107 ಹರ್ಟ್ಜ್‌ನಲ್ಲಿ ಇನ್ನೊಂದು ಗುಂಡಿ ಬೀಳುತ್ತದೆ, ಏಕೆಂದರೆ ಗೋಡೆಗೆ ಬಡಿದು ಬಂದ ಅಲೆ ಅಲ್ಲಿ ನೇರ ಅಲೆಗೆ ವಿರುದ್ಧವಾಗಿ ನಿಂತು ಅದನ್ನು ಕೊಲ್ಲುತ್ತದೆ. ತಂಬೂರಿಯ ಮಂದ್ರವೋ ಮೃದಂಗದ ಎಡದ ದನಿಯೋ ತೆಳ್ಳಗೆ ಕೇಳಿಸಿದಾಗ ಆಂಪ್ ಬದಲಿಸಿದವರಿಗೆ ಏನೂ ದಕ್ಕುವುದಿಲ್ಲ. ಸ್ಪೀಕರನ್ನು ಗೋಡೆಗೆ 20 ಸೆಂಟಿಮೀಟರ್ ಹತ್ತಿರ ಸರಿಸಿದರೆ ಗುಂಡಿ ಸುಮಾರು 143 ಹರ್ಟ್ಜ್‌ಗೆ ಹೋಗುತ್ತದೆ. ಅದು ಒಮ್ಮೆ ಒಳ್ಳೆಯದಕ್ಕೆ, ಒಮ್ಮೆ ಕೆಟ್ಟದ್ದಕ್ಕೆ. ಆದ್ದರಿಂದಲೇ ಸರಿಸಿ ಕೇಳಬೇಕು.

ಕ್ರಮ ಹೀಗಿರಲಿ. ಎರಡು ಸ್ಪೀಕರ್ ಮತ್ತು ಕುರ್ಚಿ ಸೇರಿ ಸಮಬಾಹು ತ್ರಿಕೋನವಾಗಬೇಕು, ಮೇಲಿನ ಸ್ವರಗಳನ್ನು ನುಡಿಸುವ ಟ್ವೀಟರ್ ಕಿವಿಯ ಎತ್ತರಕ್ಕೆ ಬರಬೇಕು. ಕುರ್ಚಿ ಹಿಂದಿನ ಗೋಡೆಗೆ ಅಂಟಿರಬಾರದು. ಕೋಣೆಯ ಉದ್ದದ ಮೂರನೇ ಒಂದು ಭಾಗದಷ್ಟು ಮುಂದೆ ಬಂದರೆ ಒಳ್ಳೆಯ ಆರಂಭ. ಆಮೇಲೆ ಒಬ್ಬರು ಪಕ್ಕದ ಗೋಡೆಯ ಮೇಲೆ ಕನ್ನಡಿ ಸರಿಸುತ್ತ ಹೋಗಲಿ. ಕುರ್ಚಿಯಲ್ಲಿ ಕುಳಿತವರಿಗೆ ಎಲ್ಲಿ ಸ್ಪೀಕರ್ ಕಾಣಿಸುತ್ತದೋ ಅಲ್ಲಿಂದಲೇ ಮೊದಲ ಪ್ರತಿಧ್ವನಿ ಬರುತ್ತಿದೆ. ಆ ಜಾಗಕ್ಕೆ 10 ಸೆಂಟಿಮೀಟರ್ ದಪ್ಪದ ಖನಿಜ ಉಣ್ಣೆಯ ಹಲಗೆಯನ್ನು ಬಟ್ಟೆ ಸುತ್ತಿ, ಗೋಡೆಯಿಂದ ಒಂದಿಷ್ಟು ಜಾಗ ಬಿಟ್ಟು ತೂಗುಹಾಕಿ. ಒಂದಂಗುಲದ ಸ್ಪಂಜು ಅಂಟಿಸಿದರೆ ಮೇಲಿನ ಸ್ವರಗಳು ಮಾತ್ರ ಸತ್ತು ಕೋಣೆ ಮಂಕಾಗುತ್ತದೆ, ಬಾಸ್ ಹಾಗೆಯೇ ಉಳಿಯುತ್ತದೆ. ಎಲ್ಲರೂ ಮಾಡುವ ತಪ್ಪು ಇದೇ. ಗಮನಿಸಬೇಕಾದದ್ದು: ಧ್ವನಿಯನ್ನು ಅತಿ ಹೆಚ್ಚು ಸುಧಾರಿಸುವ ಈ ವಸ್ತು ಯಾರಿಗೂ ತೋರಿಸಿಕೊಳ್ಳುವಂಥದ್ದಲ್ಲ. ಬಟ್ಟೆ ಸುತ್ತಿದ ಉಣ್ಣೆಯ ಹಲಗೆಗೆ ಬ್ರ್ಯಾಂಡೂ ಇಲ್ಲ, ಮರುಮಾರಾಟದ ಬೆಲೆಯೂ ಇಲ್ಲ. ಲಕ್ಷುರಿ ಆಂಪ್ ಇದ್ದು ಗೋಡೆ ಬೋಳಾಗಿದ್ದರೆ ಅಲ್ಲಿ ಹಣ ಧ್ವನಿಯನ್ನು ಹಿಂಬಾಲಿಸಿಲ್ಲ ಎಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ.

ವ್ಯಾಟ್ ಲೆಕ್ಕವೂ ಹೀಗೆಯೇ ಕಣ್ಣು ತೆರೆಸುತ್ತದೆ. 1 ವ್ಯಾಟ್‌ಗೆ 1 ಮೀಟರ್ ದೂರದಲ್ಲಿ 87 ಡೆಸಿಬೆಲ್ ಕೊಡುವ ಸ್ಪೀಕರ್ ತೀರ ಸಾಧಾರಣ. ಮನೆಯಲ್ಲಿ ಹಾಯಾಗಿ ಕೇಳುವಾಗ ಕುರ್ಚಿಯ ಬಳಿ ಸರಾಸರಿ 70ರಿಂದ 75 ಡೆಸಿಬೆಲ್ ಇರುತ್ತದೆ, ಅಂದರೆ ಹೆಚ್ಚಿನ ಹೊತ್ತು 1 ವ್ಯಾಟ್‌ಗಿಂತ ಕಡಿಮೆ ಸಾಕು. ಹಠಾತ್ತನೆ ಎದ್ದುಬರುವ ಶಿಖರಗಳಿಗೆ ಸರಾಸರಿಗಿಂತ 20 ಡೆಸಿಬೆಲ್ ಹೆಚ್ಚು ಇಟ್ಟುಕೊಂಡರೆ ನೂರು ಪಟ್ಟು ಬೇಕು, ಆಗಲೂ 50ರಿಂದ 100 ವ್ಯಾಟ್‌ನ ಆಂಪ್‌ನಲ್ಲಿ ಮುಗಿಯಿತು. ವ್ಯಾಟ್ ಎರಡರಷ್ಟಾದರೆ ಸಿಗುವುದು 3 ಡೆಸಿಬೆಲ್ ಮಾತ್ರ. ದನಿ ಎರಡರಷ್ಟು ಜೋರು ಎನಿಸಬೇಕಾದರೆ 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವ್ಯಾಟ್. ತೀರ ದೊಡ್ಡ ಕೋಣೆ, ತೀರ ದೂರದ ಆಸನ ಇಲ್ಲದವರಿಗೆ ಭಾರೀ ಆಂಪ್‌ನಿಂದ ಬರುವ ಲಾಭ ಅತ್ಯಲ್ಪ.

ಕೇಬಲ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2.5 ಚದರ ಮಿಲಿಮೀಟರ್ ತಾಮ್ರದ ತಂತಿಯ ರೋಧ ಮೀಟರಿಗೆ ಸುಮಾರು 0.007 ಓಮ್. 3 ಮೀಟರ್ ದೂರಕ್ಕೆ ಹೋಗಿಬರುವ 6 ಮೀಟರ್ ಸೇರಿ 0.042 ಓಮ್. ಸ್ಪೀಕರ್ 8 ಓಮ್‌ನದ್ದಾದರೆ ಇದು ಶೇಕಡಾ ಒಂದಕ್ಕಿಂತ ಎಷ್ಟೋ ಕಡಿಮೆ, ಆದರೆ ಸುರಕ್ಷಿತ ಮಿತಿ ಶೇಕಡಾ ಐದು. ಇದಕ್ಕಿಂತ ದುಬಾರಿ ತಂತಿ ಕೊಳ್ಳಲು ಧ್ವನಿಯ ಕಾರಣ ಯಾವುದೂ ಇಲ್ಲ.

ಕಣ್ಣು ಮುಚ್ಚಿದಾಗ ಏನಾಗುತ್ತದೆ

‘ನನಗೆ ವ್ಯತ್ಯಾಸ ಕೇಳಿಸುತ್ತದೆ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಕೇಳಿಸುವುದು ನಿಜ, ಆದರೆ ಅದು ಕಿವಿಯಿಂದ ಬಂದಿರಬೇಕಾಗಿಲ್ಲ. 1994ರಲ್ಲಿ ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಒಂದೇ ಸ್ಪೀಕರ್‌ಗಳನ್ನು ಒಂದೇ ಕೇಳುಗರಿಗೆ ಎರಡು ರೀತಿ ಕೇಳಿಸಿದರು: ಒಮ್ಮೆ ಪರದೆಯ ಹಿಂದಿಟ್ಟು, ಒಮ್ಮೆ ಕಣ್ಣೆದುರಿಗಿಟ್ಟು. ಕಣ್ಣಿಗೆ ಕಂಡಾಗ ಗಾತ್ರ, ರೂಪ, ಹೆಸರುಗಳು ಅಂಕಗಳನ್ನು ಎಳೆದಾಡಿದವು. ಅದಕ್ಕಿಂತ ಮುಖ್ಯವಾಗಿ, ಸ್ಪೀಕರನ್ನು ಬೇರೆ ಜಾಗದಲ್ಲಿಟ್ಟಾಗ ಧ್ವನಿಯಲ್ಲಿ ಆದ ನಿಜವಾದ ಬದಲಾವಣೆಯನ್ನು ಕಣ್ಣು ತೆರೆದಿದ್ದವರು ಅಷ್ಟಾಗಿ ಗುರುತಿಸಲೇ ಇಲ್ಲ. ಅಂದರೆ ನೋಟ ಇಲ್ಲದ್ದನ್ನು ಕೇಳಿಸುವುದಷ್ಟೇ ಅಲ್ಲ, ಇರುವುದನ್ನು ಮರೆಮಾಡುತ್ತದೆ ಕೂಡ. 2007ರಲ್ಲಿ ಬ್ರ್ಯಾಡ್ ಮೆಯರ್ ಮತ್ತು ಡೇವಿಡ್ ಮೊರಾನ್ ಪ್ರಕಟಿಸಿದ ಪ್ರಯೋಗದಲ್ಲಿ ಸಿಡಿಗಿಂತ ಸೂಕ್ಷ್ಮವಾಗಿ ದಾಖಲಾದ ಹೈ ರೆಸಲ್ಯೂಷನ್ ಧ್ವನಿಯ ದಾರಿಯಲ್ಲಿ 16 ಬಿಟ್, 44.1 ಕಿಲೋಹರ್ಟ್ಜ್‌ನ ಸಿಡಿ ಮಟ್ಟದ ಪರಿವರ್ತಕವನ್ನು ಗುಟ್ಟಾಗಿ ಸೇರಿಸುತ್ತ, ತೆಗೆಯುತ್ತ ಹೋದರು. 554 ಯತ್ನಗಳಲ್ಲಿ ಸರಿಯಾದ ಉತ್ತರ 276, ನಾಣ್ಯ ಚಿಮ್ಮಿ ಹೇಳಿದಷ್ಟೇ.

ಇದನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಬಹುದು, ಆದರೆ ಅಚ್ಚುಕಟ್ಟಾಗಿ ಮಾಡಬೇಕು. ಎರಡು ಆಂಪ್ ಅಥವಾ ಎರಡು ಡ್ಯಾಕ್ ಹೋಲಿಸುತ್ತಿದ್ದೀರಿ ಎಂದಿಟ್ಟುಕೊಳ್ಳೋಣ. ಮೊದಲ ಕೆಲಸ ದನಿಯ ಮಟ್ಟ ಸಮ ಮಾಡುವುದು. ಅರ್ಧ ಡೆಸಿಬೆಲ್ ಜೋರಾಗಿದ್ದರೆ ಅದು ಜೋರು ಎಂದು ತಿಳಿಯುವುದಿಲ್ಲ, ‘ಸ್ಪಷ್ಟ’ ಎಂದೋ ‘ಜೀವಂತ’ ಎಂದೋ ತೋರುತ್ತದೆ. ಇಂಥ ಹೋಲಿಕೆಗಳು ಹಾಳಾಗುವುದು ಬಹುತೇಕ ಇಲ್ಲಿಯೇ. 300 ಹರ್ಟ್ಜ್‌ನ ಒಂದೇ ಸ್ವರವನ್ನು ನುಡಿಸಿ, ಸ್ಪೀಕರ್ ಟರ್ಮಿನಲ್‌ಗಳಲ್ಲಿ ಮಲ್ಟಿಮೀಟರ್‌ನಿಂದ ಎಸಿ ವೋಲ್ಟ್ ಅಳೆಯಿರಿ. ಹಲವು ಅಗ್ಗದ ಮೀಟರ್‌ಗಳು 400 ಹರ್ಟ್ಜ್ ದಾಟಿದರೆ ನಂಬಿಕೆಗೆ ಅರ್ಹವಲ್ಲ, ಅದಕ್ಕೇ ಈ ಸ್ವರ. ಒಂದರಲ್ಲಿ 2.00 ವೋಲ್ಟ್ ಬಂದರೆ ಇನ್ನೊಂದರಲ್ಲಿ 1.98ರಿಂದ 2.02ರ ಒಳಗೆ ಬರಬೇಕು. ಅದು ಸುಮಾರು 0.1 ಡೆಸಿಬೆಲ್. ಮೊಬೈಲ್‌ನ ಡೆಸಿಬೆಲ್ ಆ್ಯಪ್ ಈ ಕೆಲಸಕ್ಕೆ ಸಾಲದು.

ಆಮೇಲೆ ಸಹಾಯಕರು ನಾಣ್ಯ ಚಿಮ್ಮಿ ‘ಅ’ ಅಥವಾ ‘ಆ’ ಆರಿಸಿ ಬರೆದಿಟ್ಟುಕೊಳ್ಳಲಿ. ಕೇಳುಗರು ಅದನ್ನು ಎರಡರ ಜೊತೆಗೂ ಹೋಲಿಸಿ, ಯಾವುದು ಎಂದು ಹೇಳಬೇಕು. ಒಟ್ಟು 16 ಸಲ. ಬರೀ ಊಹೆಯಿಂದ 12 ಅಥವಾ ಹೆಚ್ಚು ಸರಿಯಾಗುವ ಸಂಭವ ಶೇಕಡಾ 4ಕ್ಕಿಂತ ಕಡಿಮೆ, ಆದ್ದರಿಂದ 12 ಬಂದರೆ ಏನೋ ಕೇಳಿಸುತ್ತಿದೆ ಎಂದು ಒಪ್ಪಬಹುದು. ಎಷ್ಟು ಸಲ ಎನ್ನುವುದನ್ನು ಮೊದಲೇ ನಿಗದಿ ಮಾಡಿ; 6ರಲ್ಲಿ 5 ಸರಿ ಬಂತೆಂದು ಅಲ್ಲಿಗೇ ನಿಲ್ಲಿಸಿದರೆ ಫಲಿತಾಂಶಕ್ಕೆ ಬೆಲೆಯಿಲ್ಲ. ಬದಲಿಸಲು ಅರ್ಧ ನಿಮಿಷ ಹಿಡಿದರೂ ಕೆಡುತ್ತದೆ, ಸೂಕ್ಷ್ಮ ಧ್ವನಿಭೇದದ ನೆನಪು ಕೆಲವೇ ಸೆಕೆಂಡು ಉಳಿಯುವಂಥದ್ದು. ಸ್ವಿಚ್ ಪೆಟ್ಟಿಗೆ ಇದ್ದರೆ ಒಳ್ಳೆಯದು. ಆದರೆ ಟ್ರಾನ್ಸಿಸ್ಟರ್ ಆಂಪ್ ಎರಡರ ಔಟ್‌ಪುಟ್ ಯಾವ ಕ್ಷಣಕ್ಕೂ ಒಂದಕ್ಕೊಂದು ತಾಗಬಾರದು, ತಾಗಿದರೆ ಸುಡುತ್ತವೆ. ಪ್ರತಿ ಆಂಪ್ ಸ್ವಿಚ್ ಮಾಡುವಾಗ ಬೇರೆ ಬೇರೆ ‘ಟಿಕ್’ ಮಾಡಿದರೆ, ಸಹಾಯಕರ ಮುಖ ಕಂಡರೆ, ಅದೇ ಉತ್ತರ ಹೇಳಿಕೊಟ್ಟಂತೆ. ಕಿವಿ ದಣಿಯುತ್ತದೆ, ಎಂಟರ ನಂತರ ಬಿಡುವು ಕೊಡಿ.

12 ಬರಲಿಲ್ಲ ಎಂದರೆ ವ್ಯತ್ಯಾಸವೇ ಇಲ್ಲ ಎಂದು ಸಾಬೀತಾಗುವುದಿಲ್ಲ. ಆ ಕೋಣೆಯಲ್ಲಿ, ಆ ಕಿವಿಗೆ, ಇದ್ದರೂ ಹಿಡಿಯಲಾರದಷ್ಟು ಚಿಕ್ಕದು ಎಂದಷ್ಟೇ ಅರ್ಥ. ಹಣ ಕೊಡಬೇಕೋ ಬೇಡವೋ ಎನ್ನುವ ತೀರ್ಮಾನಕ್ಕೆ ಅಷ್ಟು ಸಾಕು. ಐವತ್ತು ದಾಟಿದ ಹೆಚ್ಚಿನವರಿಗೆ 14 ಕಿಲೋಹರ್ಟ್ಜ್‌ಗಿಂತ ಮೇಲಿನದು ಕೇಳಿಸುವುದೇ ಕಷ್ಟ. ಅತಿ ದುಬಾರಿ ಸೆಟ್ ಕೊಳ್ಳುವ ಶಕ್ತಿ ಬರುವುದು ಬಹುಪಾಲು ಆ ವಯಸ್ಸಿನಲ್ಲೇ.

ಇಷ್ಟಾದ ಮೇಲೂ ‘ಅದರ ಲೋಹದ ಕೆತ್ತನೆ ಚೆಂದ, ಗುಂಡಿ ತಿರುಗಿಸುವ ಹದ ಚೆಂದ’ ಎನ್ನುವವರಿದ್ದಾರೆ. ಅದು ಪ್ರಾಮಾಣಿಕ ಮಾತು. ಕುಶಲಕರ್ಮಿಯ ಕೆಲಸವನ್ನು ಮೆಚ್ಚಿ ಕೊಳ್ಳುವುದರಲ್ಲಿ ಹೀನಾಯವೇನೂ ಇಲ್ಲ. ಹಾಗಿದ್ದರೆ ಅದನ್ನು ಸಂಗೀತದ ಲೆಕ್ಕದಲ್ಲಿ ಬರೆಯಬಾರದು, ಅಷ್ಟೇ. ಚೆಂದದ ವಸ್ತುವಿನ ಲೆಕ್ಕಕ್ಕೆ ಹಾಕಿ, ಆ ಲೆಕ್ಕದಲ್ಲಿ ಇಷ್ಟು ಸರಿಯೇ ಎಂದು ಕೇಳಿಕೊಳ್ಳಬೇಕು.

ಅಂಟಿನ ಲಕ್ಷಣಗಳು

ಕಿವಿ ಹೊಸ ಧ್ವನಿಗೆ ಕೆಲವೇ ವಾರಗಳಲ್ಲಿ ಒಗ್ಗಿಹೋಗುತ್ತದೆ. ಹೊಸ ಸ್ಪೀಕರ್ ಕೊಟ್ಟ ಪುಲಕ ಇಳಿಯುವ ಹೊತ್ತಿಗೆ ಅದಕ್ಕೆ ತಕ್ಕ ಆಂಪ್ ಇಲ್ಲ ಎನಿಸುತ್ತದೆ, ಆಂಪ್ ಬಂದ ಮೇಲೆ ಡ್ಯಾಕ್ ದುರ್ಬಲ ಎನಿಸುತ್ತದೆ. ಈ ಏಣಿಗೆ ಕೊನೆಯ ಮೆಟ್ಟಿಲಿಲ್ಲ. ವಸ್ತುಮೋಹದ ವಿರೋಧಿಗಳು ಹೆದರಬೇಕಾದದ್ದು ಈ ಏಣಿಗೇ ಹೊರತು ಒಮ್ಮೆ ಕೊಂಡು ಮರೆತ ದುಬಾರಿ ವಸ್ತುವಿಗಲ್ಲ.

ಏಣಿ ಹತ್ತುತ್ತಿದ್ದೇವೋ ಇಲ್ಲವೋ ಎನ್ನಲು ಒಂದು ಖಚಿತ ಗುರುತಿದೆ: ಸೆಟ್ ಸಂಗೀತವನ್ನು ಆರಿಸತೊಡಗುತ್ತದೆ. 78 ಆರ್‌ಪಿಎಂ ತಟ್ಟೆಗಳಿಂದ ತೆಗೆದ ಹಳೆಯ ಗಾಯಕರ ಧ್ವನಿಮುದ್ರಿಕೆಗಳಲ್ಲಿ ಗೀರು ಸದ್ದು ಇರುತ್ತದೆ, ಮೇಲಿನ ಸ್ವರಗಳು ಮೊಟಕಾಗಿರುತ್ತವೆ. ಹೊಸ ಸೆಟ್ ಬಂದ ಮೇಲೆ ಅವನ್ನು ಕೇಳಲು ಬೇಸರವಾಗಿ, ಚೆನ್ನಾಗಿ ರೆಕಾರ್ಡ್ ಆದ ಆದರೆ ಮನಸ್ಸಿಗೆ ಹತ್ತಿರವಲ್ಲದ ಹತ್ತಾರು ಪ್ರದರ್ಶನ ಟ್ರ್ಯಾಕ್‌ಗಳೇ ಸುತ್ತುತ್ತಿದ್ದರೆ, ವಸ್ತು ಒಡೆಯನನ್ನು ಆಳುತ್ತಿದೆ. ಒಂದು ತಿಂಗಳು ನುಡಿಸಿದ್ದನ್ನೆಲ್ಲ ಪಟ್ಟಿ ಮಾಡಿದರೆ ಇದು ತಾನೇ ಗೊತ್ತಾಗುತ್ತದೆ.

ಪರಿಮಾಣ ಹಾಕಿಕೊಳ್ಳುವುದು ಇಲ್ಲಿ ಕೆಲಸಕ್ಕೆ ಬರುತ್ತದೆ. ಕೊಳ್ಳುವ ಮೊದಲೇ ಬರೆದಿಡಬೇಕು: ಎಷ್ಟು ಪೆಟ್ಟಿಗೆಗಳು, ಒಟ್ಟು ಎಷ್ಟು ಹಣ, ಎಷ್ಟು ವರ್ಷ. ಬದಲಿಸಲು ಕಾರಣಗಳನ್ನೂ ಬರೆದಿಡಬೇಕು: ರಿಪೇರಿಯಾಗದಂತೆ ಕೆಟ್ಟರೆ, ಕೋಣೆ ಬದಲಾದರೆ, ಮೇಲಿನ ಪರೀಕ್ಷೆಯಲ್ಲಿ 12 ದಾಟಿದರೆ. ಬೇರೆ ಕಾರಣ ಬೇಡ. ಈ ನಿಯಮ ಸೋರುವ ತೂತುಗಳೂ ಗೊತ್ತಿರಲಿ. ಹೆಡ್‌ಫೋನ್ ‘ಬೇರೆ ವಿಭಾಗ’ ಎಂದು ಲೆಕ್ಕದಿಂದ ಹೊರಗುಳಿಯುತ್ತದೆ. ‘ಸೆಕೆಂಡ್ ಹ್ಯಾಂಡ್ ತಾನೇ, ಮಾರಿದರೆ ದುಡ್ಡು ವಾಪಸ್’ ಎಂಬ ನೆಪ ಬರುತ್ತದೆ. ಹಳೆಯದು ಹೋಗುವ ಮೊದಲೇ ಹೊಸದು ಬಂದು ಕೂರುತ್ತದೆ. ಒಂದು ಹೊರಗೆ ಹೋದ ಮೇಲೆಯೇ ಒಂದು ಒಳಗೆ ಎಂದು ಇಟ್ಟುಕೊಂಡರೆ ಈ ಮೂರರಲ್ಲಿ ಎರಡು ಮುಚ್ಚುತ್ತವೆ.

ಹಂಚಿಕೊಳ್ಳುವುದರಿಂದಲೂ ಲೆಕ್ಕ ಬದಲಾಗುತ್ತದೆ. ಯುದ್ಧಾನಂತರದ ಜಪಾನಿನಲ್ಲಿ ಆಮದು ತಟ್ಟೆಗಳೂ ಒಳ್ಳೆಯ ಸ್ಪೀಕರ್‌ಗಳೂ ಒಬ್ಬೊಬ್ಬರ ಕೈಗೆಟುಕುವಂತಿರಲಿಲ್ಲ. ಜ್ಯಾಝ್ ಕಿಸ್ಸಾ ಎಂಬ ಕಾಫಿ ಅಂಗಡಿಗಳು ಒಂದು ಒಳ್ಳೆಯ ಸೆಟ್ ಇಟ್ಟು, ಒಂದು ಕಪ್ ಕಾಫಿಯ ಬೆಲೆಗೆ ಗಂಟೆಗಟ್ಟಲೆ ಕೇಳಲು ಬಿಟ್ಟವು. ನೂರಾರು ಜನ ಕೇಳುವ ದುಬಾರಿ ಸೆಟ್ ಬೇರೆ, ಮಕ್ಕಳು ಮುಟ್ಟಬಾರದು ಎಂದು ಬೀಗ ಹಾಕಿದ ಕೋಣೆಯ ಸೆಟ್ ಬೇರೆ.

ಭೂಮಿಯ ಲೆಕ್ಕ

ಕ್ಲಾಸ್ ಎ ಆಂಪ್‌ಗಳನ್ನು ಪ್ರೀತಿಸುವವರು ಒಂದು ಸತ್ಯ ಒಪ್ಪಬೇಕು: ಅವು ಸಂಗೀತವಿರಲಿ ಇಲ್ಲದಿರಲಿ ಪೂರ್ತಿ ವಿದ್ಯುತ್ ಕುಡಿಯುತ್ತವೆ. ಸದಾ 200 ವ್ಯಾಟ್ ಎಳೆಯುವ ಆಂಪ್ ದಿನಕ್ಕೆ 4 ಗಂಟೆ ಹೊತ್ತಿದ್ದರೆ ವರ್ಷಕ್ಕೆ 292 ಯೂನಿಟ್. ಸುಮ್ಮನಿದ್ದಾಗ 10 ವ್ಯಾಟ್ ಎಳೆಯುವ ಕ್ಲಾಸ್ ಡಿ ಆಂಪ್ ಮೆಲುದನಿಯಲ್ಲಿ ಅಷ್ಟೇ ಹೊತ್ತು ನುಡಿದರೆ ಸುಮಾರು 15 ಯೂನಿಟ್. ಇನ್ನೂ ಒಂದು: ಆಂಪ್ ಒಳಗೆ ವಿದ್ಯುತ್ ಕೂಡಿಟ್ಟುಕೊಳ್ಳುವ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳ ಆಯಸ್ಸು ಪ್ರತಿ 10 ಡಿಗ್ರಿ ಶಾಖಕ್ಕೆ ಅರ್ಧವಾಗುತ್ತದೆ. 85 ಡಿಗ್ರಿಯಲ್ಲಿ 2000 ಗಂಟೆ ಎಂದು ಬರೆದದ್ದು 55 ಡಿಗ್ರಿಯಲ್ಲಿ 16,000 ಗಂಟೆ, ದಿನಕ್ಕೆ 4 ಗಂಟೆಯಂತೆ ಸುಮಾರು 11 ವರ್ಷ ಬಾಳುತ್ತದೆ. ಬಿಸಿಯಾಗಿ ಓಡುವ ಆಂಪ್ ಬೇಗ ರಿಪೇರಿಗೆ ಬರುವುದು ಇದರಿಂದಲೇ.

ಆದರೆ ಅಗ್ಗದ್ದೆಲ್ಲ ಪಾಪರಹಿತ ಎಂದುಕೊಳ್ಳುವುದೂ ತಪ್ಪು. ಅಂಟು ಹಾಕಿ ಮುಚ್ಚಿದ ಬ್ಲೂಟೂತ್ ಸ್ಪೀಕರ್‌ನ ಲಿಥಿಯಂ ಬ್ಯಾಟರಿ ಕೆಲವು ನೂರು ಸಲ ಚಾರ್ಜ್ ಆಗುವಷ್ಟರಲ್ಲಿ ಸೊರಗುತ್ತದೆ, ಬಿಚ್ಚಲಾಗದೆ ಇಡೀ ಸ್ಪೀಕರ್ ಕಸಕ್ಕೆ ಹೋಗುತ್ತದೆ. 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿಸಿತು. ದಾಖಲೆಗೆ ಸಿಕ್ಕಂತೆ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇಕಡಾ 22.3. ಇದರೆದುರು 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಟರ್ನ್‌ಟೇಬಲ್‌ಗಳು ಇಂದಿಗೂ ಬಿಡಿಭಾಗ ಬದಲಿಸಿಕೊಂಡು ತಿರುಗುತ್ತಿವೆ. ದೀರ್ಘಕಾಲ ಬಾಳಬೇಕಾದರೆ ಸ್ಟ್ರೀಮಿಂಗ್, ಆಂಪ್, ಸ್ಪೀಕರ್ ಎಲ್ಲ ಒಂದರಲ್ಲೇ ಇರುವ ಸೆಟ್ ಬೇಡ. ಮೊದಲು ಸಾಯುವುದು ಅದರ ಸಾಫ್ಟ್‌ವೇರ್, ಜೊತೆಗೆ ಉಳಿದದ್ದೂ ಹೋಗುತ್ತದೆ. ಒಳಗೆ ಆಂಪ್ ಇಲ್ಲದ ಪ್ಯಾಸಿವ್ ಸ್ಪೀಕರ್, ಸಾದಾ ಆಂಪ್, ಬೇಕಾದಾಗ ಎಸೆಯಬಹುದಾದ ಚಿಕ್ಕ ಸ್ಟ್ರೀಮರ್ ಬೇರೆ ಬೇರೆ ಇರಲಿ. ಬೀಟೆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರ 2017ರಿಂದ ಅಳಿವಿನ ಭೀತಿಯ ಜೀವಜಾತಿಗಳ ವ್ಯಾಪಾರ ಕುರಿತ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ, ಹಾಗಾಗಿ ಅದರ ಹೊದಿಕೆಯ ಪೆಟ್ಟಿಗೆ ಕೊಳ್ಳುವವರು ಮರದ ಮೂಲ ಕೇಳಬೇಕು.

ಇಷ್ಟೆಲ್ಲ ಸರಿಮಾಡಿದರೂ ಒಂದು ಘರ್ಷಣೆ ಉಳಿದೇ ಉಳಿಯುತ್ತದೆ. ಆ ಹಣ ಇನ್ನೊಬ್ಬರ ಅನ್ನಕ್ಕೋ ಔಷಧಕ್ಕೋ ಹೋಗಬಹುದಿತ್ತು, ಮತ್ತು ಯಾವ ಮಲ್ಟಿಮೀಟರೂ ಇದನ್ನು ತೀರಿಸುವುದಿಲ್ಲ. ನಮ್ಮ ನಿಲುವು ಇಷ್ಟು: ಒಳ್ಳೆಯ ಸ್ಪೀಕರ್, ಸರಿಪಡಿಸಿದ ಕೋಣೆ, ಸಾಕಷ್ಟು ಶಕ್ತಿಯ ಆಂಪ್ ಇಪ್ಪತ್ತೈದು ವರ್ಷ ಬಾಳಿದರೆ ಅದು ಸರಳ ಬದುಕಿಗೆ ಸಲ್ಲುತ್ತದೆ. ಕುರುಡು ಪರೀಕ್ಷೆಯಲ್ಲಿ ಸೋತ ಭಾಗಕ್ಕೆ ಕೊಟ್ಟ ಹೆಚ್ಚಿನ ಹಣ ಸಲ್ಲುವುದಿಲ್ಲ, ಅದು ಎಷ್ಟು ಚಿಕ್ಕ ಮೊತ್ತವಾದರೂ.

ಇದನ್ನು ಒಪ್ಪುವವರಿಗೆ ಹಳೆಯ ಸೆಟ್ ಕೊಳ್ಳುವುದು ಸಹಜ ದಾರಿ, ಆದ್ದರಿಂದ ಕೊಳ್ಳುವಾಗ ನೋಡಬೇಕಾದದ್ದನ್ನು ಹೇಳಿಬಿಡುತ್ತೇವೆ. ಸ್ಪೀಕರ್ ಜೋಡಿಸದೆ, ವಾಲ್ಯೂಮ್ ಸೊನ್ನೆಗಿಟ್ಟು ಆಂಪನ್ನು ಹದಿನೈದು ನಿಮಿಷ ಹೊತ್ತಿಸಿ, ಔಟ್‌ಪುಟ್‌ನಲ್ಲಿ ಡಿಸಿ ವೋಲ್ಟ್ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಸರಿ; 100 ದಾಟಿದರೆ ರಿಪೇರಿ ಖರ್ಚು ಹಿಡಿದೇ ಬೆಲೆ ಮಾತಾಡಿ. ವಾಲ್ಯೂಮ್ ಗುಂಡಿ ತಿರುಗಿಸಿದಾಗ ಬರುವ ಕರಕರ ಸದ್ದಿಗೆ ಹೆದರಬೇಡಿ, ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಹೋಗುವುದೇ ಹೆಚ್ಚು. ಸ್ಪೀಕರ್‌ನ ಜಾಲರಿ ತೆಗೆದು ಕೋನ್ ಸುತ್ತಲಿನ ಅಂಚನ್ನು ನೋಡಿ: ಫೋಮ್ ಆಗಿದ್ದರೆ ಹದಿನೈದು ಇಪ್ಪತ್ತು ವರ್ಷಕ್ಕೆ ಪುಡಿಯಾಗುತ್ತದೆ, ರಬ್ಬರ್ ಹೆಚ್ಚು ಬಾಳುತ್ತದೆ. ಕೋನನ್ನು ನಾಲ್ಕು ಬೆರಳಿನಿಂದ ಸಮನಾಗಿ ಮೆಲ್ಲಗೆ ಒತ್ತಿದಾಗ ಉಜ್ಜುವ ಸದ್ದು ಬಂದರೆ ಕೋನ್ ಹಿಂದಿನ ತಂತಿ ಸುರುಳಿ (ಕಾಯಿಲ್) ಓರೆಯಾಗಿದೆ, ಬಿಟ್ಟುಬಿಡಿ. ಫೋಮ್ ಮಾತ್ರ ಹೋಗಿದ್ದರೆ ಹೊಸ ಅಂಚು ಅಂಟಿಸಬಹುದು. ಅಂಟು ಒಣಗುವ ಮುನ್ನ 20ರಿಂದ 30 ಹರ್ಟ್ಜ್‌ನ ಸ್ವರವನ್ನು ತೀರ ಮೆಲ್ಲಗೆ ನುಡಿಸಿ, ಉಜ್ಜುವ ಸದ್ದು ಇಲ್ಲದ ಜಾಗಕ್ಕೆ ಕೋನನ್ನು ಸರಿಹೊಂದಿಸಿ, ಒಂದಿಡೀ ದಿನ ಮುಟ್ಟದೆ ಬಿಡಿ.